ಜಲ್ಲೆ ರಾಣಿ ಓಡಿದಳು

"ಸೀನಬ್ಯಾಡ ಕಣ್ಲಾ ಅಪ್ಪು!"

ಗಗನ ಹೀಗೆ ಕಿರುಚುವಷ್ಟರಲ್ಲಿ ಅವಳ ತಮ್ಮ ಅಪ್ಪು ಸೀನಿಯೇಬಿಟ್ಟ. ಚಾಪೆಯ ಮೇಲೆ ಜೋಡಿಸಿಟ್ಟಿದ್ದ ಕಾಗದದ ಕೈ, ಕಾಲು, ಜಡೆ ಎಲ್ಲ ದಿಕ್ಕಾಪಾಲಾದವು. ಒಂದು ಕಾಲು ಹೋಗಿ ಮಂಚದ ಕೆಳಗೆ ಸೇರಿಕೊಂಡಿತು.

"ನಾನೇನ್ ಮಾಡ್ಲಿ? ಸೆಕೆ ಸೆಕೆ. ಫ್ಯಾನ್ ಹಾಕು," ಎಂದ ಆರು ವರ್ಷದ ಅಪ್ಪು.

"ಫ್ಯಾನ್ ಹಾಕುದ್ರೆ ರಾಣಿ ಹಾರ್ಕೊಂಡು ಮದ್ದೂರಿಗೇ ಓಗ್ತಾಳೆ. ಸುಮ್ಕಿರು."

ರಾಣಿ ಎಂದರೆ ಜಲ್ಲೆ ರಾಣಿ. ಗಗನಳ ಗೆಳತಿ ಸೌಮ್ಯ ಬರೆದ ಕಾಮಿಕ್ಸ್ ಪುಸ್ತಕದ ಹುಡುಗಿ. ಕಬ್ಬು ತುಂಬಿದ ಟ್ರ್ಯಾಕ್ಟರ್ ಊರೊಳಗೆ ಬಂದರೆ ಸಾಕು, ರಾಣಿ ಹಿಂದಿನಿಂದ ಓಡಿಬಂದು ಜಲ್ಲೆ ಎಳೆಯುತ್ತಾಳೆ. ಎಳೆದದ್ದನ್ನು ಬೀದಿಯ ಮಕ್ಕಳಿಗೆಲ್ಲ ಹಂಚುತ್ತಾಳೆ. ದೊಡ್ಡ ಮೀಸೆಯ ಡ್ರೈವರ್ ಮಹದೇವು ಹಲ್ಲು ಕಡಿಯುತ್ತಾ ಅವಳನ್ನು ಅಟ್ಟಿಸಿಕೊಂಡು ಬರುತ್ತಾನೆ. ಅವರ ಊರಾದ ಕೊಪ್ಪದ ಮಕ್ಕಳಿಗೆ ಇದನ್ನೆಲ್ಲ ಬಿಡಿಸಿ ಹೇಳಬೇಕಾಗಿರಲಿಲ್ಲ. ಎಲ್ಲರೂ ಒಂದಲ್ಲ ಒಂದು ದಿನ ಜಲ್ಲೆ ಎಳೆದು ಬೈಸಿಕೊಂಡವರೇ.

ಸೌಮ್ಯ ಅದನ್ನು ಬರೆಯಲು ಶುರು ಮಾಡಿದ್ದು ಆರನೇ ಕ್ಲಾಸಿನಲ್ಲಿ. ಮುಗಿದದ್ದು ಏಳನೇ ಕ್ಲಾಸಿನಲ್ಲಿ. ಇದ್ದದ್ದು ಒಂದೇ ಡ್ರಾಯಿಂಗ್ ಬುಕ್ಕು. ಹಾಗಾಗಿ ಹಾಳೆಯ ಎರಡೂ ಬದಿಯಲ್ಲಿ ಬರೆದು, ಬಣ್ಣ ಹಚ್ಚಿ, ಒಂದು ಚೂರೂ ಜಾಗ ಬಿಡದೆ ತುಂಬಿಸಿದ್ದಳು. ಇಡೀ ಸ್ಕೂಲು ಕಿತ್ತಾಡಿಕೊಂಡು ಅದನ್ನು ಓದಿತ್ತು. "ಸೌಮ್ಯನ ಬುಕ್ಕು, ಸೌಮ್ಯನ ಬುಕ್ಕು" ಎಂದು ಕೇಳಿ ಕೇಳಿ ಗಗನಳಿಗೆ ಹೆಮ್ಮೆಯೂ ಆಗುತ್ತಿತ್ತು, ಹೊಟ್ಟೆಯೂ ಉರಿಯುತ್ತಿತ್ತು. ಎರಡೂ ಒಟ್ಟಿಗೇ ಆಗುತ್ತವೆ, ನಿಮಗೂ ಗೊತ್ತಿರಬೇಕು.

ಹೋದ ವಾರ ರವಿಚಂದ್ರ ಸಾರ್ ಕ್ಲಾಸಿನಲ್ಲಿ ಒಂದು ವಿಷಯ ಹೇಳಿದ್ದರು. ಮದ್ದೂರಿನಲ್ಲಿ ಮಕ್ಕಳ ಕಿರುಚಿತ್ರ ಸ್ಪರ್ಧೆ. ಮೊಬೈಲಿನಲ್ಲೇ ಸಿನಿಮಾ ಮಾಡಬಹುದು.

"ಚಿತ್ರದ ಕೈ ಕಾಲು ಬೇರೆ ಬೇರೆ ಕತ್ತರಿಸಿಟ್ಕೊಳ್ಳಿ. ಜೋಡಿಸಿ ಒಂದು ಫೋಟೊ ತೆಗೀರಿ. ಕಾಲನ್ನ ಒಂಚೂರು ಸರಿಸಿ ಇನ್ನೊಂದು ಫೋಟೊ. ಎಲ್ಲಾ ಫೋಟೊ ಪಟಪಟಾಂತ ಓಡಿಸಿದರೆ ನಿಮ್ಮ ಚಿತ್ರ ನಡೆಯುತ್ತೆ!"

ಗಗನ ಥಟ್ಟನೆ ಕೈ ಎತ್ತಿದ್ದಳು. "ಸಾರ್, ನಾನು ಜಲ್ಲೆ ರಾಣಿನ ಸಿನಿಮಾ ಮಾಡ್ತೀನಿ."

ಸೌಮ್ಯಳಿಗೆ ಖುಷಿಯೋ ಖುಷಿ. ಶುಕ್ರವಾರ ತಾನೇ ಪುಸ್ತಕ ತಂದುಕೊಟ್ಟಳು. "ಜೆರಾಕ್ಸ್ ಮಾಡುಸ್ಕೊಂಡು ಸೋಮವಾರ ತಂದ್ಬುಡೇ. ಮಡುಸ್ಬ್ಯಾಡ. ಎಣ್ಣೆ ಕೈಲಿ ಮುಟ್ಬ್ಯಾಡ," ಎಂದು ಹೇಳಿ, ಮಳವಳ್ಳಿಯಲ್ಲಿರುವ ಅಜ್ಜಿ ಮನೆಗೆ ಹೊರಟುಹೋದಳು.

ಇವತ್ತು ಭಾನುವಾರ. ಸೋಮನಹಳ್ಳಿಯ ಫ್ಯಾಕ್ಟರಿಯಲ್ಲಿ ಕೆಲಸ ಮಾಡುವ ಚಿಕ್ಕಪ್ಪ ಚಲುವರಾಜುವಿಗೆ ಇವತ್ತೊಂದೇ ದಿನ ರಜೆ. ಹಾಗಾಗಿ ಅವನ ಫೋನು ಸಿಗುವುದೂ ಇವತ್ತೊಂದೇ ದಿನ. ನಡುವೆ ತೂತಿರುವ ಪ್ಲಾಸ್ಟಿಕ್ ಸ್ಟೂಲನ್ನು ಚಾಪೆಯ ಮೇಲಿಟ್ಟು, ಕ್ಯಾಮೆರಾ ಸರಿಯಾಗಿ ಆ ತೂತಿನಲ್ಲಿ ಕೆಳಗೆ ನೋಡುವಂತೆ ಫೋನನ್ನು ಅಂಗಾತ ಮಲಗಿಸಿದ್ದರು. ಗಗನ ಕಾಲು ಸರಿಸಬೇಕು, ಅಪ್ಪು ಬಟನ್ ಒತ್ತಬೇಕು.

ಚಿಕ್ಕಪ್ಪ ಫೋನೆತ್ತಿ ಅಲ್ಲಿಯವರೆಗಿನ ಫೋಟೊ ನೋಡಿ ನಕ್ಕ. "ಇದೇನವ್ವ ಗಗನ, ನಿನ್ ರಾಣಿ ಒಲೆ ಒಳಗಿಂದ ಎದ್ದು ಬಂದಂಗವ್ಳೆ!"

ನಿಜ. ಬಸ್‌ಸ್ಟಾಂಡಿನ ಜೆರಾಕ್ಸ್ ಅಂಗಡಿಯಲ್ಲಿ ಬಣ್ಣದ್ದು ಮಾಡುತ್ತಿರಲಿಲ್ಲ. ರಾಣಿಯ ಕೆಂಪು ಲಂಗ ಕಪ್ಪಾಗಿತ್ತು, ಹಸಿರು ಕಬ್ಬೂ ಕಪ್ಪಾಗಿತ್ತು, ಮುಖಕ್ಕೆ ಮಸಿ ಮೆತ್ತಿತ್ತು.

"ಕಾಗದಾನೂ ತೆಳ್ಳುಗದೆ. ಅದುಕ್ಕೇ ಹಾರ್ತದೆ," ಎಂದ ಚಿಕ್ಕಪ್ಪ. "ಹಳೇ ಲಗ್ನಪತ್ರಿಕೆ ರಾಶಿ ಬಿದ್ದವಲ್ಲ, ಆ ರಟ್ಟಿನ ಮ್ಯಾಕೆ ಅಂಟುಸ್ಕೊ. ಗಟ್ಟಿಯಾಗ್ ಕೂತ್ಕತದೆ." ಹೀಗೆ ಹೇಳಿ ಹಸುವಿಗೆ ಹುಲ್ಲು ತರಲು ಹೊರಟ.

ಗಗನ ಸೌಮ್ಯಳ ಪುಸ್ತಕ ಬಿಚ್ಚಿದಳು. ಕೊನೆಯ ಹಾಳೆಗಳಲ್ಲಿ ರಾಣಿ ಎಷ್ಟು ಚೆನ್ನಾಗಿ ಓಡುತ್ತಿದ್ದಳು! ಅಷ್ಟು ಹೊತ್ತಿಗೆ ಸೌಮ್ಯಳ ಕೈ ಪಳಗಿತ್ತು. ಲಂಗ ಗಾಳಿಗೆ ಉಬ್ಬಿತ್ತು, ಜಡೆ ನೆಟ್ಟಗೆ ಹಿಂದಕ್ಕೆ ಹಾರಿತ್ತು.

ಅವಳು ಕತ್ತರಿ ಎತ್ತಿಕೊಂಡಳು.

"ಅಕ್ಕಾ, ಅದು ಸೌಮ್ಯಕ್ಕನ್ದು!" ಎಂದ ಅಪ್ಪು.

"ಆಮೇಕೆ ವಾಪಸ್ ಅಂಟುಸ್ತೀನಿ. ಬಾಯಿ ಮುಚ್ಕೊಂಡು ಕೂರು."

ತಲೆಯ ಸುತ್ತ, ಜಡೆಯ ಸುತ್ತ, ಲಂಗದ ಸುತ್ತ ಕತ್ತರಿ ಮೆಲ್ಲಗೆ ಹೋಯಿತು. ರಾಣಿ ಪುಟದಿಂದ ಬಿಡಿಸಿಕೊಂಡು ಕೈಗೆ ಬಂದಳು. ಗಗನ ತಿರುಗಿಸಿ ನೋಡಿದಳು. ಹಿಂದೆ ಮಹದೇವುವಿನ ಅರ್ಧ ಮುಖ ಇತ್ತು. ಪುಸ್ತಕದ ಉದ್ದಕ್ಕೂ ಹಲ್ಲು ಕಡಿಯುವ ಮಹದೇವು ಕೊನೆಯಲ್ಲಿ ಒಂದೇ ಒಂದು ಸಲ ನಗುತ್ತಾನೆ. ಆ ನಗು ಈ ಬದಿಗೆ ಇತ್ತು. ಉಳಿದರ್ಧ ಮುಖ ಪುಸ್ತಕದಲ್ಲೇ ಉಳಿದು, ನಡುವೆ ರಾಣಿಯ ಆಕಾರದ ತೂತು ಬಿದ್ದಿತ್ತು.

ಗಗನ ಆಗಲೇ ನಿಲ್ಲಿಸಬಹುದಿತ್ತು. ಆದರೆ ಹೇಗೂ ಒಂದು ಪುಟ ಹಾಳಾಗಿದೆ, ಇನ್ನು ನಾಲ್ಕು ಹಾಳಾದರೂ ಬೈಗುಳ ಒಂದೇ ಎಂದು ಅವಳ ತಲೆ ಲೆಕ್ಕ ಹಾಕಿತು. ತಪ್ಪು ಮಾಡುವಾಗ ತಲೆ ಬಹಳ ಚುರುಕಾಗಿ ಕೆಲಸ ಮಾಡುತ್ತದೆ. ಅವಳು ನಗುತ್ತಿದ್ದ ಮುಖದ ಮೇಲೆ ಗಮ್ ಬಳಿದು, ಲಗ್ನಪತ್ರಿಕೆಯ ರಟ್ಟಿಗೆ ಒತ್ತಿ ಹಿಡಿದಳು.

ಸಂಜೆಯ ಹೊತ್ತಿಗೆ ಹನ್ನೊಂದು ಹಾಳೆಯಲ್ಲಿ ತೂತುಗಳಾಗಿದ್ದವು. ಫೋನಿನಲ್ಲಿ ನಾನ್ನೂರಕ್ಕೂ ಹೆಚ್ಚು ಫೋಟೊ ಇದ್ದವು. ಪಟಪಟ ಓಡಿಸಿದಾಗ ಕೆಂಪು ಲಂಗದ ರಾಣಿ ದಡದಡ ಓಡಿದಳು. ಅಪ್ಪು ಚಾಪೆಯ ಮೇಲೆ ಎದ್ದು ಕುಣಿದ. ಗಗನ ಇನ್ನೊಮ್ಮೆ ಓಡಿಸಿ ನೋಡಿದಳು. ಇದು ಸೌಮ್ಯನ ಬುಕ್ಕಲ್ಲ, ನನ್ನ ಸಿನಿಮಾ ಎಂದುಕೊಂಡಳು.

ಸೋಮವಾರ ಸೌಮ್ಯ ಕೇಳಿದಳು, "ನನ್ ಬುಕ್ಕೇ?"

"ಸಾರ್ ತಕ್ಕೊಂಡವ್ರೆ. ನೋಡ್ಬೇಕಂತೆ."

"ಓ, ಸಾರ್ ನೋಡ್ಲಿ ಬುಡು." ಸೌಮ್ಯಳ ಮುಖ ಅರಳಿತು. ಆಮೇಲೆ ಅವಳು ಕೇಳಲೇ ಇಲ್ಲ. ಪುಸ್ತಕ ಗಗನಳ ಬ್ಯಾಗಿನ ತಳದಲ್ಲಿ, ಟವೆಲಿನಲ್ಲಿ ಸುತ್ತಿಕೊಂಡು ಕೂತಿತ್ತು. ಮನೆಯಲ್ಲಿಟ್ಟರೆ ಅಪ್ಪು ಅಮ್ಮನಿಗೆ ಹೇಳಿಬಿಡುತ್ತಾನೆ ಎಂದು ಅವಳು ದಿನಾ ಅದನ್ನು ಹೊತ್ತು ತಿರುಗಿದಳು.

ಎರಡು ವಾರ ಕಳೆದು, ಶನಿವಾರ ರವಿಚಂದ್ರ ಸಾರ್ ಇಬ್ಬರನ್ನೂ ಬಸ್ಸಿನಲ್ಲಿ ಮದ್ದೂರಿಗೆ ಕರೆದುಕೊಂಡು ಹೋದರು. ಸ್ಪರ್ಧೆ ನಡೆಯುವ ಹಾಲ್ ತುಂಬ ಮಕ್ಕಳು. ಕಿಟಕಿಗೆಲ್ಲ ಕರಿಬಟ್ಟೆ ಕಟ್ಟಿದ್ದರು. ಪರದೆಯ ಮೇಲೆ 'ಚಿತ್ರ: ಸೌಮ್ಯ' ಎಂದು ಬಂತು. ಆಮೇಲೆ 'ಸಿನಿಮಾ: ಗಗನ' ಎಂದು ದೊಡ್ಡ ಅಕ್ಷರದಲ್ಲಿ ಬಂತು.

ರಾಣಿ ಓಡಿದಳು. ಜಲ್ಲೆ ಎಳೆದಳು. ಮಕ್ಕಳು ಹೋ ಎಂದು ಕೂಗಿದರು.

ಸೌಮ್ಯ ಗಗನಳ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು. "ನೋಡೇ, ನಾನು ಬರ್ದಂಗೇ ಓಡ್ತಾವ್ಳೆ! ನನ್ ರಾಣಿ ಓಡ್ತಾವ್ಳೆ ಕಣೇ!" ಅವಳ ಕಣ್ಣಲ್ಲಿ ನೀರು ಬಂದಿತ್ತು. ಗಗನ ಆ ಕೈಯನ್ನು ಬಿಡಿಸಿಕೊಳ್ಳಲೂ ಆಗದೆ, ಹಿಡಿದುಕೊಳ್ಳಲೂ ಆಗದೆ ಕೂತಿದ್ದಳು.

ಸಿನಿಮಾಗೆ ಎರಡನೇ ಬಹುಮಾನ ಬಂತು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದವಳು ಸೌಮ್ಯ.

ಕಾರ್ಯಕ್ರಮ ಮುಗಿದ ಮೇಲೆ ತೀರ್ಪು ಕೊಟ್ಟ ಮೇಡಂ ಇವರಿಬ್ಬರ ಹತ್ತಿರ ಬಂದರು. "ಯಾರಮ್ಮ ಚಿತ್ರ ಬರೆದದ್ದು? ನೀನಾ? ರಾಣಿ ಓಡ್ತಾ ಓಡ್ತಾನೇ ಸಿನಿಮಾ ಮುಗಿದುಹೋಯ್ತಲ್ಲ. ಕೊನೆಗೆ ಏನಾಗುತ್ತೆ?"

"ಬುಕ್ಕಲ್ಲಿ ಐತೆ ಮೇಡಂ, ತೋರುಸ್ತೀನಿ!" ಸೌಮ್ಯ ತಿರುಗಿದಳು. "ಸಾರ್, ನನ್ನ ಬುಕ್ ಕೊಡಿ ಸಾರ್."

"ಯಾವ ಬುಕ್ಕಮ್ಮ? ನನ್ನ ಹತ್ರ ಎಲ್ಲಿದೆ?" ಎಂದರು ರವಿಚಂದ್ರ ಸಾರ್.

ಸೌಮ್ಯ ಗಗನಳ ಮುಖ ನೋಡಿದಳು. ಗಗನ ಬ್ಯಾಗಿಗೆ ಕೈಹಾಕಿ, ಟವೆಲು ಬಿಚ್ಚಿ, ಪುಸ್ತಕ ಕೊಟ್ಟಳು.

ಸೌಮ್ಯ ಹಾಳೆ ತಿರುವಿದಳು. ಒಂದು ತೂತು. ಇನ್ನೊಂದು ತೂತು. ಕೊನೆಯ ಹಾಳೆಗೆ ಬಂದಾಗ ಅವಳ ಬೆರಳು ತೂತಿನಲ್ಲಿ ಈ ಕಡೆಯಿಂದ ಆ ಕಡೆಗೆ ಹೋಯಿತು. ಮಹದೇವುವಿನ ನಗುವಿಲ್ಲದ ಅರ್ಧ ಮುಖ, ಟ್ರ್ಯಾಕ್ಟರಿನ ಒಂದು ಚಕ್ರ ಅಷ್ಟೇ ಉಳಿದಿದ್ದವು.

ಮೇಡಂ ಸೌಮ್ಯಳ ತಲೆ ಸವರಿ ಹೋದರು. ಸಾರ್ ಒಂದು ಸಲ "ಗಗನಾ..." ಎಂದರು. ಆಮೇಲೆ ಬಸ್ಸು ನೋಡಿಕೊಂಡು ಬರುತ್ತೇನೆಂದು ಗೇಟಿನ ಕಡೆ ನಡೆದರು.

ಹುಡುಗಿಯರಿಬ್ಬರೂ ಮೆಟ್ಟಿಲ ಮೇಲೆ ಕೂತರು. ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಸೌಮ್ಯ ಕೇಳಿದಳು.

"ಯಾಕೆ ನನ್ ಕೇಳ್ನಿಲ್ಲ? ಬ್ಯಾರೆ ಹಾಳೇಲಿ ಬರ್ದು ಕೊಡ್ತಿದ್ನಲ್ಲೇ. ರಾಣಿನ ನಾನು ಕಣ್ಮುಚ್ಕೊಂಡು ಬರೀತೀನಿ. ಒಂದು ಗಂಟೆ ಸಾಕಿತ್ತು."

ಗಗನಳ ಹತ್ತಿರ ಉತ್ತರಗಳು ತಯಾರಾಗಿದ್ದವು. ಜೆರಾಕ್ಸ್ ಕಪ್ಪಾಯಿತು. ಭಾನುವಾರ ಬಿಟ್ಟರೆ ಫೋನು ಸಿಗುತ್ತಿರಲಿಲ್ಲ. ನೀನು ಊರಲ್ಲಿರಲಿಲ್ಲ. ಎರಡು ವಾರ ಅವನ್ನೇ ಬಾಯಿಪಾಠ ಮಾಡಿದ್ದಳು. ಈಗ ಒಂದೊಂದಾಗಿ ನೆನಪಿಸಿಕೊಂಡರೆ ಒಂದೂ ಸರಿಯಾದ ಉತ್ತರವಾಗಿರಲಿಲ್ಲ.

"ಕೇಳುದ್ರೆ ನೀನೂ ಬಂದು ಪಕ್ಕದಲ್ಲಿ ಕೂರ್ತಿದ್ದೆ," ಎಂದಳು ಮೆಲ್ಲಗೆ. "ಅದುಕ್ಕೇ ಕೇಳ್ನಿಲ್ಲ."

ಅದನ್ನು ಅವಳು ತನಗೂ ಹೇಳಿಕೊಂಡಿರಲಿಲ್ಲ. ಹೇಳಿದ ಮೇಲೆಯೇ ಅವಳಿಗೂ ಗೊತ್ತಾದದ್ದು.

ಗಗನ ಬೈಗುಳಕ್ಕಾಗಿ ಕಾದಳು. ಅವರಿಬ್ಬರ ಜಗಳವೆಲ್ಲ ಮುಗಿಯುತ್ತಿದ್ದದ್ದು ಹಾಗೆಯೇ. ಸೌಮ್ಯ ಬೈಯುತ್ತಿದ್ದಳು, ಗಗನ ಅಳುತ್ತಿದ್ದಳು, ಆಮೇಲೆ ಇಬ್ಬರೂ ಒಂದೇ ಸೀಟಿನಲ್ಲಿ ಕೂತು ನಗುತ್ತಿದ್ದರು. ಈಗ ಸೌಮ್ಯ ಪುಸ್ತಕ ಮುಚ್ಚಿ ಎದೆಗೆ ಒತ್ತಿಕೊಂಡು ಗೇಟಿನ ಕಡೆ ನೋಡುತ್ತಿದ್ದಳು. ಬಸ್ಸು ಬಂತೆಂದು ಸಾರ್ ಕೂಗಿದಾಗ ಎದ್ದು, ಲಂಗ ಕೊಡವಿಕೊಂಡು, ಗಗನಳಿಗೆ ಬಹುಮಾನದ ಪೊಟ್ಟಣ ಎತ್ತಿ ಕೊಟ್ಟಳು.

"ತಕ್ಕೊ, ಮರ್ತೀಯ," ಎಂದಳು. ಗುರುತಿಲ್ಲದ ಯಾರಿಗೋ ಹೇಳುವ ಹಾಗೆ ಹೇಳಿದಳು.

ಇನ್ನು ಅವಳು ಬೈಯುವುದಿಲ್ಲ ಎಂದು ಗಗನಳಿಗೆ ತಿಳಿಯಿತು.