ಮಿಂಚುಗಾಲಿಯ ಮೂವರು ಒಡೆಯರು

ಬಹಳ ಹಿಂದೆ, ಹುಲಿ ಕರಡಿಗಳೂ ಮಾತಾಡುತ್ತಿದ್ದ ಕಾಲದಲ್ಲಿ, ಸಿಂದೂರಪುರವೆಂಬ ರಾಜ್ಯದಲ್ಲಿ ಒಂದು ರಥವಿತ್ತು. ಅದರ ಹೆಸರು ಮಿಂಚುಗಾಲಿ. ಕುದುರೆ ಬೇಡ, ಎತ್ತು ಬೇಡ; ಒಳಗೆ ಕೂತು ಹಿಡಿ ಒತ್ತಿದರೆ ಗುಡುಗಿಕೊಂಡು ಹೊರಟು ಗಾಳಿಯನ್ನೇ ಹಿಂದೆ ಹಾಕುತ್ತಿತ್ತು. ಮೈಯೆಲ್ಲ ತಾಮ್ರ. ಹೊಂಚು ಹಾಕಿದ ಚಿರತೆಯಂತೆ ನೆಲಕ್ಕೆ ತಗ್ಗಿದ ಮೈಕಟ್ಟು. ಬಾಗಿಲುಗಳು ಪಕ್ಕಕ್ಕಲ್ಲ, ಹದ್ದಿನ ರೆಕ್ಕೆಯ ಹಾಗೆ ಮೇಲಕ್ಕೆ ತೆರೆಯುತ್ತಿದ್ದವು. ಅದರಿಂದೇನು ಉಪಯೋಗ ಎಂದು ಕೇಳಬೇಡಿ. ಅದನ್ನು ಕಂಡವರು ಯಾರೂ ಕೇಳಲಿಲ್ಲ. ಅಂಥ ರಥ ಲೋಕದಲ್ಲಿ ಮಾಡಿದ್ದೇ ಮೂರು. ಒಂದು ಸಮುದ್ರಕ್ಕೆ ಬಿತ್ತು. ಇನ್ನೊಂದನ್ನು ಯಾರೋ ಪುಣ್ಯಾತ್ಮರು ಕರಗಿಸಿ ಸ್ನಾನದ ಹಂಡೆ ಮಾಡಿಸಿಕೊಂಡರು. ಉಳಿದದ್ದು ಇದೊಂದೇ.

ಅದನ್ನು ಮಾರುತ್ತಿದ್ದವನು ಝಂಝಾಕ್ಷನೆಂಬ ಮಾಂತ್ರಿಕ. ರಥದ ಮೇಲೆ ಅವನದೊಂದು ಮಾಯೆಯಿತ್ತು. ಅದನ್ನು ಮುಟ್ಟಿ "ನನ್ನ ರಥ" ಎಂದವರು ಆ ಕ್ಷಣವೇ ಮೃಗವಾಗುತ್ತಿದ್ದರು. ಆಗ ಝಂಝಾಕ್ಷ ರಥವನ್ನೂ ಮೃಗವನ್ನೂ ತನ್ನ ಕೋಟೆಗೆ ಎಳೆತರುತ್ತಿದ್ದ. ಪ್ರತಿ ಸಲವೂ ಹಳೇ ಒಡೆಯರ ಪಟ್ಟಿ ಉದ್ದವಾಗುತ್ತಿತ್ತು, ಬೆಲೆಯೂ ಏರುತ್ತಿತ್ತು. ಮೂವರು ಉಟ್ಟು ಬಿಟ್ಟ ಸೀರೆಗೆ ಸಿಗದ ಮರ್ಯಾದೆ ರಥಕ್ಕೆ ಮಾತ್ರ ಯಾಕೋ, ನನಗಂತೂ ತಿಳಿಯದು.

ಒಂದು ದಿನ ಗಾಲಿಗೆ ಕೀಲೆಣ್ಣೆ ಹಾಕಲು ಓಬಳನೆಂಬ ಬಡವ ಕೋಟೆಗೆ ಹೋದ. ಎಣ್ಣೆ ಹಾಕಿದ, ರಥದ ಮೈ ಸವರಿದ, ಮೈಮರೆತು "ನನ್ನ ರಥವೇ, ನನ್ನ ಬಂಗಾರವೇ" ಎಂದ. ಟಗರಾಗಿ ನಿಂತ.

ಮರುದಿನ ಬೆಳಿಗ್ಗೆ ಕೋಟೆಯ ಅಡುಗೆಯವನು ಓಬಳನ ಹೆಂಡತಿ ಈರಕ್ಕನ ಬಳಿಗೆ ಓಡಿಬಂದ. "ತಾಯಿ, ನಿಮ್ಮ ಗಂಡ ಟಗರಾಗಿದ್ದಾನೆ! ನಾಳೆ ಹೊಸ ಗಿರಾಕಿ ಬರ್ತಾನೆ. ಅವನ ಊಟಕ್ಕೆ ಆ ಟಗರನ್ನೇ ಕೊಯ್ಯಬೇಕಂತೆ!"

ಈರಕ್ಕ ಊರವರ ತಾಮ್ರದ ಪಾತ್ರೆ ಬೆಳಗಿ ಬದುಕುವವಳು. ಒಂದು ಗಳಿಗೆ ಕೂತು ಅತ್ತಳು. ಆಮೇಲೆ ಹುಣಿಸೇಹಣ್ಣು, ಬೂದಿ, ತೆಂಗಿನ ನಾರು ಬುಟ್ಟಿಗೆ ತುಂಬಿಕೊಂಡು ಹೊರಟಳು. ಕೆಲಸದವಳೆಂದರೆ ಒಳಗೆ ಬಿಟ್ಟಾರು ಎಂದು ಅವಳ ಆಸೆ.

ಮೊದಲನೆಯ ಬಾಗಿಲಲ್ಲಿ ಹುಲಿ. "ನಾನು ರಣಧವಳ ರಾಜ, ರಥದ ಮೊದಲ ಒಡೆಯ. ನಿನ್ನ ತಿನ್ನುತ್ತೇನೆ!"

"ತಿನ್ನಿ ಬುದ್ಧಿ. ಅದಕ್ಕೆ ಮುಂಚೆ, ಆ ರಥದಲ್ಲಿ ಎಲ್ಲೆಲ್ಲಿಗೆ ಹೋಗಿದ್ರಿ, ಅದನ್ನು ಹೇಳಿ."

ಹುಲಿಯ ಕಣ್ಣು ಅರಳಿತು. "ಒಂದೇ ಸಲ ಹೋದೆ. ಅರಮನೆಯಿಂದ ಅರಮನೆಯ ಗೋಡೆಯವರೆಗೆ. ಆಹಾ! ಆಮೇಲೆ ತಬ್ಬಿಕೊಂಡು 'ಅಯ್ಯೋ ನನ್ನ ರಥ' ಅಂದೆ, ಮೈಮೇಲೆ ಪಟ್ಟೆ ಬಂತು." ಹುಲಿ ಆ ಸುಖವನ್ನು ನೆನೆಯುತ್ತಾ ಕಣ್ಣು ಮುಚ್ಚಿತು. ಈರಕ್ಕ ದಾಟಿದಳು.

ಎರಡನೆಯ ಬಾಗಿಲಲ್ಲಿ ಕರಡಿ. "ನಾನು ಸೇನಾಪತಿ ಭೀಮರಸ, ಎರಡನೆಯ ಒಡೆಯ. ನಾನು ಓಡಿಸಲೇ ಇಲ್ಲ! ಒಂದು ಸಲ ಕೂತೆ, ಕೊಳೆಯಾದೀತೆಂದು ಕಾಲು ಹೊರಗಿಟ್ಟು."

"ಹಾಗಾದ್ರೆ ಬಾಗಿಲು ಹೆಂಗೆ ಹಾಕಿದ್ರಿ, ಬುದ್ಧಿ?"

"ಹಾಕಲಿಲ್ಲ. ಮಳೆ ಬಂತು. ಕೊಡೆಯನ್ನು ರಥಕ್ಕೆ ಹಿಡಿದು ನಾನು ನೆನೆದೆ." ಕರಡಿಗೆ ಸೀನು ಶುರುವಾಯಿತು, ನಿಲ್ಲಲಿಲ್ಲ. ಈರಕ್ಕ ದಾಟಿದಳು.

ಮೂರನೆಯ ಬಾಗಿಲಲ್ಲಿ ಹೆಬ್ಬಾವು. "ನಾನು ವರ್ತಕ ಪದ್ಮಶೆಟ್ಟಿ. ಹನ್ನೆರಡು ವರ್ಷ ರಥವನ್ನು ರೇಷ್ಮೆ ಮುಸುಕಿನಲ್ಲೇ ಇಟ್ಟೆ. ಕೊನೆಗೆ 'ನನ್ನ ರಥ' ಅಂತ ಸವರಿದ್ದೂ ಮುಸುಕಿನ ಮೇಲಿಂದಲೇ. ಒಮ್ಮೆಯೂ ಮುಸುಕು ತೆಗೆಯಲಿಲ್ಲ!"

"ಒಳಗೆ ರಥವೇ ಇದೆ ಅಂತ ಹೆಂಗೆ ಗೊತ್ತಾಯ್ತು, ಶೆಟ್ರೇ?"

ಹೆಬ್ಬಾವು ಯೋಚನೆಗೆ ಬಿತ್ತು. ಸುರುಳಿ ಸುತ್ತಿಕೊಂಡು ಯೋಚಿಸಿತು. ಈರಕ್ಕ ದಾಟಿದಳು.

ಒಳಗೆ ಮಿಂಚುಗಾಲಿ ನಿಂತಿತ್ತು, ಮೈತುಂಬ ಹಸಿರು ಕಿಲುಬು. ಚಕ್ರಕ್ಕೆ ಕಟ್ಟಿದ ಟಗರು ಅವಳನ್ನು ಕಂಡು ತಲೆ ತಗ್ಗಿಸಿತು.

"ಬಾರಮ್ಮ, ನೋಡು, ನಿಮ್ಮ ರಥ!" ಎಂದ ಝಂಝಾಕ್ಷ. ಅವನು ಎಲ್ಲರಿಗೂ ಹೀಗೇ "ನಿಮ್ಮ ರಥ" ಎನ್ನುತ್ತಿದ್ದ. ಹುಷಾರಿನ ಆಸಾಮಿ.

"ಸ್ವಾಮಿ, ಇದರ ಕಿಲುಬು ತೆಗೀಲಾ?"

"ಮುಟ್ಟಬೇಡ! ಇನ್ನೂರು ವರ್ಷದ ಕಿಲುಬು! ಅದಿದ್ದರೇ ಬೆಲೆ! ಒಂದು ಮೊಳೆ ಬದಲಿಸಿಲ್ಲ, ಒಂದು ಜೇಡವನ್ನೂ ಓಡಿಸಿಲ್ಲ!"

"ಹೌದಾ?" ಎಂದವಳೇ ಈರಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ, ಹುಣಿಸೇಹಣ್ಣು ಮೆತ್ತಿ, ನಾರು ಹಿಡಿದು ಗಸಗಸ ಉಜ್ಜಿದಳು. ಅಂಗೈಯಗಲ ತಾಮ್ರ ಕೆಂಪಗೆ ಫಳಫಳಿಸಿತು. ಇನ್ನೊಂದು ಕೈಬೀಸಿಗೆ ಇಡೀ ಮೂತಿಯೇ ಮಿನುಗಿತು.

ಝಂಝಾಕ್ಷ ಎದೆ ಬಡಿದುಕೊಂಡ. ಓಡಿಬಂದು ರಥವನ್ನು ತಬ್ಬಿಕೊಂಡ. "ಅಯ್ಯಯ್ಯೋ, ಹಾಳು ಮಾಡಿದಳು! ನನ್ನ ರಥ! ನನ್ನ ರಥ!"

ಮರುಕ್ಷಣ ಅಲ್ಲೊಂದು ಹೇಂಟೆ ಕೋಳಿ ನಿಂತಿತ್ತು.

ಮಾಯೆ ಮಾಡಿದವನೇ ಮಾಯೆಗೆ ಸಿಕ್ಕಿದ ಮೇಲೆ ಅವನು ಮೃಗ ಮಾಡಿದವರೆಲ್ಲ ಮನುಷ್ಯರಾದರು. ಹಳೇ ಒಡೆಯರು ಓಡಿಬಂದರು. ಓಬಳನೂ ಎದ್ದು ನಿಂತ. ಅವನೆದುರು ಮಿಂಚುಗಾಲಿ ಹಿಂದೆಂದಿಗಿಂತ ಚೆಂದವಾಗಿ ಹೊಳೆಯುತ್ತಿತ್ತು. ಓಬಳ ಅದರ ಮೇಲೆ ಕೈಯಿಟ್ಟು ಬಾಯಿ ತೆರೆದ. "ನನ್ನ..."

"ಬೇಡ!" ಎಂದು ಮೂವರೂ ಕಿರುಚಿದರು. ಈರಕ್ಕ ಉಸಿರು ಬಿಗಿಹಿಡಿದಳು.

"ನನ್ನ ಹೆಂಡ್ತಿ ಬಂದವ್ಳೆ," ಎಂದು ಓಬಳ ಮಗುವಿನ ಹಾಗೆ ಅತ್ತ.

"ಇಷ್ಟು ಹೇಳೋಕೆ ಟಗರಾಗಬೇಕಿತ್ತಾ?" ಎಂದು ಗದರಿದ ಈರಕ್ಕನೂ ಅತ್ತಳು. ಸಂತೋಷಕ್ಕೆ.

ಮನೆಗೆ ಹೋಗಲು ಎಲ್ಲರೂ ರಥ ಹತ್ತಿದರು, ಹೇಂಟೆಯೂ. ಓಬಳ ಹಿಡಿ ಒತ್ತಿದ. ಬೆಟ್ಟಗುಡ್ಡಗಳು ಸರ್ರನೆ ಹಿಂದೆ ಸರಿದವು. ಊರು ಬಂತು, ಊರು ಹೋಯಿತು.

"ನಿಲ್ಲಿಸೋದು ಹೆಂಗೆ ಬುದ್ಧಿ?" ಎಂದು ಓಬಳ ಕೂಗಿದ.

ಮೂವರು ಒಡೆಯರೂ ಮುಖ ಮುಖ ನೋಡಿಕೊಂಡರು. "ನನಗೆ ಗೊತ್ತಿಲ್ಲ," ಎಂದ ರಾಜ. "ಅವತ್ತು ಗೋಡೆಯೇ ನಿಲ್ಲಿಸಿತು."

ಇವತ್ತು ಹುಲ್ಲಿನ ಬಣವೆ ನಿಲ್ಲಿಸಿತು. ಧೂಳು ಅಡಗಿತು. ಯಾರಿಗೂ ಪೆಟ್ಟಾಗಿರಲಿಲ್ಲ, ರಥದ ಮೂತಿ ಮಾತ್ರ ಜಜ್ಜಿಹೋಗಿತ್ತು. ಹನ್ನೆರಡು ವರ್ಷ ಮುಸುಕು ತೆಗೆಯದ ಪದ್ಮಶೆಟ್ಟಿ ಆ ಮೂತಿ ನೋಡಿದ, ಪೇಟದ ಹುಲ್ಲು ಕೊಡವಿದ, ಮೆಲ್ಲಗೆ ಕೇಳಿದ: "ಇನ್ನೊಂದು ಸುತ್ತು ಹೋಗೋಣವಾ?"

ಹೋದರು. ಆಮೇಲೂ ದಿನಾ ಹೋದರು, ಊರವರನ್ನೆಲ್ಲ ಸರದಿಯ ಮೇಲೆ ಕೂರಿಸಿಕೊಂಡು. ಹೇಂಟೆ ದಿನಕ್ಕೊಂದು ಮೊಟ್ಟೆ ಇಟ್ಟಿತು. ಓಬಳನೂ ಈರಕ್ಕನೂ ನೂರು ವರ್ಷ ನಗುನಗುತ್ತಾ ಬಾಳಿದರು. ಸಿಂದೂರಪುರದಲ್ಲಿ ಎಲ್ಲರೂ ಸುಖವಾಗಿದ್ದರು, ಬಣವೆಗಳನ್ನು ಬಿಟ್ಟು.