ಸನ್ಮತಿ ಒಲ್ಲೆ ಎಂದ ಬ್ಲಾಂಡಿ

“ಒಲ್ಲೆ.”

ಒಂದೇ ಮಾತು. ಬ್ರಾಹ್ಮಿ ಚಾಚಿದ ಬ್ಲಾಂಡಿಯ ತಟ್ಟೆ ಗಾಳಿಯಲ್ಲೇ ಉಳಿಯಿತು.

ನಿಪ್ಪಾಣಿಯ ಮದುವೆಮನೆ. ಮಧ್ಯಾಹ್ನದ ಊಟಕ್ಕೆ ಸಿಹಿ ಅವಳ ಬೇಕರಿಯದು. ಎದುರಿಗೆ ಸನ್ಮತಿ... ಹೋದ ವರ್ಷ ಅವಳನ್ನು ಮದುವೆಯಾಗಬೇಕಿದ್ದವನು. ‘ಬಟರ್‌ಸ್ಕಾಚ್ ಬ್ಲಾಂಡಿ ಅಂದ್ರ ಕೋಕೋ ಹಾಕದ ಬ್ರೌನಿ, ಹೌದಿಲ್ಲೋ?’ ಎಂದು ಕೇಳುತ್ತಲೇ ನಾಲ್ಕು ತುಂಡು ಮುಗಿಸುತ್ತಿದ್ದವನು!

“ಮೊಟ್ಟಿ ಇಲ್ರಿ, ತುಪ್ಪ-ಮೊಸರು ಹಾಕಿ ಮಾಡೀನಿ,” ನಗಲು ನೋಡಿದಳು. “ಇಲ್ಲಾ ಕ್ಯಾಲರಿಗೆ ಹೆದರಾಕತ್ತೀರೇನು? ಖರೇನ ಐತಿ, ಒಂದು ತುಂಡು ತಿಂದ್ರ ಎರಡು ಚಪಾತಿ ಬಿಡಬೇಕು!”

ಅವನು ನಗಲಿಲ್ಲ. ತಲೆ ತಗ್ಗಿಸಿ ಹೊರಗೆ ಹೋದ.

ನನ್ನ ಕೈಯ ತುಂಡೂ ಬೇಡವಾಯಿತೇ?

ಅವತ್ತು ಮದುವೆಯ ಮಾತುಕತೆಯಲ್ಲಿ ಅವನ ತಾಯಿ ಕಾಶಿಬಾಯಿ, ‘ಸೊಸಿ ಬೇಕರಿ ನಡಸೂದು ನಮಗ ಸೇರಂಗಿಲ್ಲ’ ಎಂದಾಗಲೂ ಅವನು ಹೀಗೇ ತಲೆ ತಗ್ಗಿಸಿ ಕುಳಿತಿದ್ದ. ಸಂಬಂಧ ಅಲ್ಲಿಗೇ ಮುರಿದಿತ್ತು.

ಅಷ್ಟರಲ್ಲಿ ಕಾಶಿಬಾಯಿಯೇ ಬಂದು ಒಂದು ತುಂಡು ಎತ್ತಿಕೊಂಡರು. “ಅವಗ ಕೊಡಬ್ಯಾಡವ್ವಾ. ಸಿಹಿ ತ್ಯಾಗ ಮಾಡ್ಯಾನ. ಮುನಿಗಳ ಮುಂದ ನೇಮ ತಗೊಂಡಾನ.”

“ಯಾವಾಗಿಂದ್ರೀ, ಕಾಕು?”

“ನಿನ್ನ ಸಂಬಂಧ ಮುರದ ಮರುದಿನಾ... ಯಾಕಂತ ಕೇಳಿದ್ರ ಬಾಯಿ ಬಿಡವಲ್ಲ.”

ಬ್ರಾಹ್ಮಿ ಹೊರಗೆ ಓಡಿದಳು. ಅವನು ಪೆಂಡಾಲಿನ ಹಿಂದೆ ಒಬ್ಬನೇ ನಿಂತಿದ್ದ.

“ನೇಮ ಎಲ್ಲೀತನಕ?”

“ಜೀವ ಇರೂತನಕ.”

“ನಿಮ್ಮ ತ್ಯಾಗ ಯಾರಿಗೆ ಬೇಕಿತ್ರಿ? ನನಗ ನಿಮ್ಮದೊಂದು ಮಾತು ಬೇಕಿತ್ತು!”

“ಅವ್ವಗ ಎದುರು ಮಾತಾಡಾಕ ಹೆದರಿದೆ, ಬ್ರಾಹ್ಮಿ. ಅದಕ್ಕ ನನಗ ನಾನ ಶಿಕ್ಷೆ...”

“ಶಿಕ್ಷೆ ನಿಮಗಷ್ಟ ಆತೇನು? ನಾನೂ ವರ್ಷಪೂರ್ತಿ ಅತ್ತೀನಿ... ನಾಳೆ ಅಥಣಿಯವರು ನೋಡಾಕ ಬರ್ತಾರ. ಹೂಂ ಅನ್ನಾಕಿದ್ದೆ.”

ಸನ್ಮತಿ ಕಣ್ಣೊರೆಸಿಕೊಂಡ. ಒಳಗೆ ನಡೆದ. ಬಂಧುಬಳಗದ ನಡುವೆ ತಾಯಿಯ ಎದುರು ನಿಂತ.

“ಅವ್ವಾ, ನಾ ಬ್ರಾಹ್ಮಿನ್ನ ಮದವಿ ಆಗ್ತೀನಿ. ಅಕಿ ಬೇಕರಿ ಬಿಡಂಗಿಲ್ಲ.”

ಈ ಸಲ ಅವನು ತಲೆ ತಗ್ಗಿಸಲಿಲ್ಲ.

ಕಾಶಿಬಾಯಿಗೆ ಬಾಯಲ್ಲಿದ್ದ ತುಂಡು ನುಂಗಲು ಹೊತ್ತು ಹಿಡಿಯಿತು.

“ಇಷ್ಟು ದಿನಾ ಬಾಯಿ ಎಲ್ಲಿ ಇಟ್ಟಿದ್ದೀಲೇ?” ಎಂದರು. ಬೇಡ ಎನ್ನಲಿಲ್ಲ.

ಅವನ ಹಿಂದೆಯೇ ಒಳಗೆ ಬಂದಿದ್ದ ಬ್ರಾಹ್ಮಿಗೆ ಅಳು ತಡೆಯಲಾಗಲಿಲ್ಲ. “ಇನ್ನ ಎಂದೂ ನನ್ನ ಕೈಯಾಗಿನ ಸಿಹಿ ತಿನ್ನಂಗಿಲ್ಲಲ್ರೀ ನೀವು...”

“ಖಾರ ಮಾಡಿ ಹಾಕು,” ಎಂದ ಸನ್ಮತಿ. “ಕಣ್ಣಾಗ ನೀರು ಬಂದ್ರೂ ತಿಂತೀನಿ.”