ಹದಿನೇಳನೇ ಮಿಷನ್ನಿನ ಖಾಲಿ ಕುರ್ಚಿ

"ಮಿಷನ್ ಚೆನ್ನಾಗೇ ಇದೆ! ರಿಪೇರಿ ಆಗ್ಬೇಕಿರೋದು ಇವಳಿಗೆ!"

ಮೆಕ್ಯಾನಿಕ್ ಸ್ಕ್ರೂಡ್ರೈವರನ್ನು ಮೇಜಿನ ಮೇಲೆ ಕುಕ್ಕಿದ. ಗಾರ್ಮೆಂಟ್ಸ್ ಫ್ಯಾಕ್ಟರಿಯ ಹೊಲಿಗೆ ಹಾಲ್‌ನ ನಲವತ್ತು ಮಿಷನ್‌ಗಳೂ ಒಮ್ಮೆಲೇ ನಿಂತವು.

ಕಾಲರ್ ಹೊಲಿಯುವ ಹುಡುಗಿ ಆಗಷ್ಟೇ ವಾಶ್‌ರೂಮಿನಿಂದ ಬಂದು ನಿಂತಿದ್ದಳು. ಒದ್ದೆ ಕೈ. ಬಿಳಿಚಿಕೊಂಡ ಮುಖ.

"ದಿನಕ್ಕೆ ಆರು ಸಲ ಮಿಷನ್ ಕೆಟ್ಟಿದೆ ಅಂತ ಬೆಲ್ ಒತ್ತೋದು, ನಾನು ಓಡಿ ಬಂದ್ರೆ ಕುರ್ಚಿ ಖಾಲಿ! ನನ್ನೇನು ಕುಣಿಸೋ ಕೋತಿ ಅಂದ್ಕೊಂಡ್ಯಾ? ಅದ್ಯಾರ ಜೊತೆ ಹರಟೆ ಹೊಡೀತೀಯೋ!"

ಯಾರೋ ಕಿಸಕ್ಕನೆ ನಕ್ಕರು.

ಅವಳು ಕೈ ಒರೆಸಿಕೊಂಡು ಕುರ್ಚಿಗೆ ಕೂತಳು. ನಿನ್ನೆ ಕೇಳಿದ ಮಾತೇ ಇನ್ನೂ ಕಿವಿಯಲ್ಲಿ ಗುಂಯ್ ಎನ್ನುತ್ತಿತ್ತು...

ನಿನ್ನೆ ಡಾಕ್ಟರಮ್ಮ ಕಂಪ್ಯೂಟರ್ ಪರದೆಯನ್ನು ಅವಳತ್ತ ತಿರುಗಿಸಿದ್ದರು. "ನೋಡಮ್ಮಾ, ಇದು ನಿನ್ನ ದೊಡ್ಡ ಕರುಳು." ಕೆಂಪು, ಊತ, ಅಲ್ಲಲ್ಲಿ ಹುಣ್ಣು. ಅಲ್ಸರೇಟಿವ್ ಕೊಲೈಟಿಸ್ ಅಂತೆ.

"ಏನು ತಿಂದು ಹೀಗಾಯ್ತು ಮೇಡಂ?"

"ತಿಂದಿದ್ದಕ್ಕೆ ಬಂದಿದ್ದಲ್ಲ. ರೋಗದಿಂದ ಕಾಯಬೇಕಾದ ನಿನ್ನ ದೇಹದ ಶಕ್ತಿಯೇ ತಪ್ಪು ತಿಳಿದು ಕರುಳಿನ ಮೇಲೆ ಬಿದ್ದಿದೆ. ಯಾಕೆ ಅಂತ ನಮಗೂ ಪೂರ್ತಿ ಗೊತ್ತಿಲ್ಲ. ಯಾರಿಗೂ ಅಂಟಲ್ಲ."

"ಮಾತ್ರೆ ಎಷ್ಟು ದಿನ?"

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಇದು ಜೊತೆಗೇ ಇರುತ್ತಮ್ಮಾ. ಔಷಧಿಯಿಂದ ವರ್ಷಗಟ್ಟಲೆ ಸುಮ್ಮನಿರಿಸಬಹುದು. ಆದ್ರೆ ಆರಾಮಾಯ್ತು ಅಂತ ನೀನೇ ನಿಲ್ಲಿಸೋ ಹಾಗಿಲ್ಲ."

ಜೊತೆಗೇ ಇರುತ್ತೆ! ಇಪ್ಪತ್ಮೂರು ವರ್ಷದ ಹುಡುಗಿಗೆ ಜೊತೆಗಿರಲು ಬೇರೇನೂ ಸಿಗಲಿಲ್ಲವೇ?

ಹೊಲಿಗೆ ಹಾಲ್‌ನಲ್ಲಿ ದಿನಕ್ಕೆ ಎರಡು ಸಲಕ್ಕಿಂತ ಹೆಚ್ಚು ಎದ್ದುಹೋದರೆ ಬೋರ್ಡಿನ ಮೇಲೆ ಹೆಸರು ಬರುತ್ತದೆ. ಮೂರು ದಿನ ಬಂದರೆ ಕೆಲಸವೇ ಹೋಯಿತು. ಮಿಷನ್ ಕೆಟ್ಟರೆ ಮಾತ್ರ ಯಾರೂ ಕೇಳುವುದಿಲ್ಲ. ಹೊಟ್ಟೆ ಹಿಂಡಿದಾಗಲೆಲ್ಲ ಅವಳು ಬೆಲ್ ಒತ್ತಿ ಓಡುತ್ತಿದ್ದದ್ದು ಅದಕ್ಕೇ. ರಿಪೇರಿ ಸರಿಯಾಗಿ ಮಾಡಿಲ್ಲವೆಂಬ ಅಪವಾದ ಮೆಕ್ಯಾನಿಕ್‌ನ ತಲೆಗೆ ಸುತ್ತಿಕೊಳ್ಳುತ್ತದೆಂದು ಅವಳಿಗೆ ಹೊಳೆದೇ ಇರಲಿಲ್ಲ!

ಊಟದ ಬಿಡುವಿನಲ್ಲಿ ಅವನು ಮೆಟ್ಟಿಲ ಹತ್ತಿರ ಮತ್ತೆ ಅಡ್ಡ ನಿಂತ. "ಉತ್ತರ ಕೊಟ್ಟು ಹೋಗು."

ಅವಳು ಬ್ಯಾಗಿನಲ್ಲಿದ್ದ ಆಸ್ಪತ್ರೆ ರಿಪೋರ್ಟನ್ನು ತೆಗೆದು ಅವನ ಎದೆಗೆ ಒತ್ತಿದಳು. "ಓದ್ಕೋ! ರಕ್ತ ಹೋಗುತ್ತೆ ನಂಗೆ. ಒಂದು ನಿಮಿಷ ತಡೆಯೋಕಾಗಲ್ಲ. ಹರಟೆ ಅಂತೆ ಹರಟೆ!"

ಅವನ ಮುಖದ ಬಣ್ಣ ಇಳಿದುಹೋಯಿತು. "ಇದು... ಕ್ಯಾನ್ಸರಾ?"

"ಅಲ್ಲ."

"ವಾಸಿ ಆಗುತ್ತಲ್ವಾ?"

"ಇಲ್ಲ. ಮಾತ್ರೆಗೆ ತಣ್ಣಗಿರುತ್ತೆ. ಮತ್ತೆ ಯಾವತ್ತಾದ್ರೂ ಏಳುತ್ತೆ."

ಅವನು ಮೆಟ್ಟಿಲ ಮೇಲೆ ಕುಸಿದು ಕೂತ. "ಅಷ್ಟು ಜನರ ಮುಂದೆ ಏನಂದ್ಬಿಟ್ಟೆ ನಾನು... ನನ್ನ ನಾಲಿಗೆ ಬಿದ್ದುಹೋಗ!"

"ಬಿದ್ದುಹೋಗ್ಲಿ."

"ಮೂರನೇ ಸಲಕ್ಕೇ ಗೊತ್ತಾಗಿತ್ತು ಕಣೇ, ಮಿಷನ್ ಕೆಟ್ಟಿಲ್ಲ ಅಂತ."

"ಮತ್ತೆ ಯಾಕೆ ಬರ್ತಿದ್ದೆ?"

"ನನ್ನ ನೋಡೋಕೇ ಬೆಲ್ ಒತ್ತುತ್ತೀಯ ಅಂದ್ಕೊಂಡಿದ್ದೆ! ತಲೆ ಬಾಚ್ಕೊಂಡು ಓಡಿ ಬರ್ತಿದ್ದೆ... ಬಂದ್ರೆ ನೀನೇ ಇರ್ತಿರ್ಲಿಲ್ಲ."

ಅವಳಿಗೆ ನಗು, ಅಳು ಎರಡೂ ಒಟ್ಟಿಗೇ ನುಗ್ಗಿ ಬಂದವು. "ಈಗ ಗೊತ್ತಾಯ್ತಲ್ಲ. ಅಯ್ಯೋ ಪಾಪ ಅಂದು ಹೊರಡು."

"ಪಾಪ ಯಾರಿಗೆ ಬೇಕು? ಮುಂದಿನ ಸಲ ಡಾಕ್ಟರ್ ಹತ್ರ ನಾನೂ ಬರ್ತೀನಿ. ತಲೆಗೆ ಹತ್ತೋವರೆಗೂ ಕೇಳ್ತೀನಿ. ಬೈದ್ರೆ ಬೈಲಿ! ನೀನಂದ್ರೆ ನಂಗಿಷ್ಟ ಕಣೇ!"

"ಹೀಗಾ ಹೇಳೋದು, ಜಗಳಕ್ಕೆ ಬಂದ ಹಾಗೆ?"

"ನಂಗೆ ಇನ್ನೊಂದು ಥರ ಬರಲ್ಲ."

"ಸರಿ, ಬಾ..." ಅವಳು ಕಣ್ಣೊರೆಸಿಕೊಂಡಳು. "ಆದ್ರೆ ನನ್ನ ಕಾಯಿಲೆ ವಿಷಯ ಯಾರ ಹತ್ರನೂ ಬಾಯಿ ಬಿಡ್ಬೇಡ. ಯಾವಾಗ ಹೇಳ್ಬೇಕೋ ನಾನೇ ಹೇಳ್ತೀನಿ. ಬಾಯಿ ಕಟ್ಟೋಕಾಗುತ್ತಾ ನಿನಗೆ?"

ಅವನು ಹೂಂ ಎಂದು ತಲೆಯಾಡಿಸಿ ಎದ್ದುಹೋದ.

ಅವಳು ಊಟ ಮುಗಿಸಿ ಮುಖ ತೊಳೆದು ಬರುವಷ್ಟರಲ್ಲಿ, ಹಾಲ್‌ನ ನಟ್ಟನಡುವೆ ಇದ್ದ ಅವಳ ಹದಿನೇಳನೇ ಮಿಷನ್ ಸಾಲಿನ ಕೊನೆಗೆ, ವಾಶ್‌ರೂಮಿನ ಬಾಗಿಲ ಪಕ್ಕಕ್ಕೆ ಬಂದು ಕೂತಿತ್ತು! ಅವನು ಅದರ ವೈರು ಜೋಡಿಸುತ್ತಿದ್ದ.

"ಏಯ್! ಯಾರನ್ನ ಕೇಳಿ ಮಿಷನ್ ಎತ್ತಿಟ್ಟೆ?" ಸೂಪರ್‌ವೈಸರ್ ಇಡೀ ಹಾಲ್ ನಡುಗುವಂತೆ ಕೂಗಿದ. "ಅವಳಿಗೇನು ಬಂದಿದೆ ರೋಗ? ಬೊಗಳು!"

ಎಲ್ಲರ ಕಣ್ಣೂ ಅವನ ಮೇಲೆ. ಅವನ ಕುತ್ತಿಗೆಯ ನರ ಉಬ್ಬಿತು. ತುಟಿ ತೆರೆಯಿತು...

ಅವನು ಅವಳನ್ನೊಮ್ಮೆ ನೋಡಿದ. ಕೊನೆಯ ಸ್ಕ್ರೂ ಬಿಗಿಮಾಡಿ, ಟೂಲ್ಸ್ ಪೆಟ್ಟಿಗೆ ಎತ್ತಿಕೊಂಡು, ಸೂಪರ್‌ವೈಸರ್‌ನ ಪಕ್ಕದಿಂದಲೇ ತುಟಿಪಿಟಿಕ್ಕೆನ್ನದೆ ನಡೆದುಹೋದ.